ಸಣ್ಣ ಕಾಲೇಜಿನಲ್ಲಿ ಜೀವಶಾಸ್ತ್ರ ಸಂಶೋಧನೆ: ಕೊಡಗಿನ ತೋಟದ ತರಗೆಲೆಯಿಂದ ಶುರು ಮಾಡುವುದು ಹೇಗೆ

ನಮ್ಮ ಲ್ಯಾಬಿನಲ್ಲಿ ಡಿಎನ್ಎ ನಕಲು ತೆಗೆಯುವ ಪಿಸಿಆರ್ ಯಂತ್ರ ಇಲ್ಲ. ಎರಡು ಸ್ಟೀರಿಯೊ ಮೈಕ್ರೋಸ್ಕೋಪ್, ಒಂದು ತಕ್ಕಡಿ, ಒಂದು ಓವನ್, ಒಂದು ಹಳೇ ಫ್ರಿಜ್ ಇವೆ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬರದೇ ಇರಬಹುದು. ಆದರೆ ಕಾಲೇಜಿನ ಹಿಂದಿನ ಗೇಟು ದಾಟಿದರೆ ಕಾಫಿ ತೋಟ. ಹತ್ತು ನಿಮಿಷ ನಡೆದರೆ ತೋಡು (ಸಣ್ಣ ಹಳ್ಳ). ಇನ್ನೂ ಸ್ವಲ್ಪ ಮುಂದೆ ಹೋದರೆ ದೇವರಕಾಡು.

ಬೆಂಗಳೂರಿನ ದೊಡ್ಡ ಸಂಸ್ಥೆಯ ವಿದ್ಯಾರ್ಥಿ ಇದೇ ತೋಟಕ್ಕೆ ಬರಬೇಕಾದರೆ ಐದಾರು ಗಂಟೆ ಪ್ರಯಾಣ ಮಾಡಬೇಕು. ಉಳಿಯಲು ರೂಮು ಬೇಕು, ಓಡಾಡಲು ಜೀಪು ಬೇಕು. ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ನಮ್ಮ ಮಕ್ಕಳು ವಾರಕ್ಕೆ ಎರಡು ಸಲ ಹೋಗಿ ಬರಬಹುದು. ಎಷ್ಟೋ ಮಕ್ಕಳ ಮನೆಯೇ ತೋಟದೊಳಗಿದೆ. ಸಣ್ಣ ಕಾಲೇಜಿನ ಬಂಡವಾಳ ಇದೇ: ಹತ್ತಿರ ಇರುವ ಜಾಗ, ಮತ್ತೆ ಮತ್ತೆ ಹೋಗಿ ನೋಡಲು ಸಿಗುವ ಸಮಯ. ಯಂತ್ರ ಬೇಡುವ ಪ್ರಶ್ನೆಯನ್ನು ಬಿಟ್ಟು, ಕಾಲು ಮತ್ತು ತಾಳ್ಮೆ ಬೇಡುವ ಪ್ರಶ್ನೆ ಹಿಡಿದರೆ ನಾವು ಯಾರಿಗೂ ಕಡಿಮೆ ಇಲ್ಲ.

ಪದವಿ ಕಾಲೇಜಿನ ಅಧ್ಯಾಪಕರಿಗೆ ಮತ್ತು ಬಿಎಸ್ಸಿ ಮಕ್ಕಳಿಗೆ ಇದನ್ನು ಬರೆಯುತ್ತಿದ್ದೇನೆ. ಒಂದೇ ಉದಾಹರಣೆಯನ್ನು ಶುರುವಿನಿಂದ ಕೊನೆಯವರೆಗೆ ಹಿಡಿದುಕೊಂಡು ಹೋಗುತ್ತೇನೆ. ನಿಮ್ಮ ಪ್ರಶ್ನೆ ಬೇರೆ ಇದ್ದರೂ ದಾರಿ ಹೆಚ್ಚುಕಡಿಮೆ ಇದೇ.

ಮೊದಲ ಹೆಜ್ಜೆ: ಪ್ರಶ್ನೆ

"ಕೊಡಗಿನ ಜೀವವೈವಿಧ್ಯದ ಒಂದು ಅಧ್ಯಯನ" ಎಂದು ಮಕ್ಕಳು ಬರೆದುಕೊಂಡು ಬರುತ್ತಾರೆ. ಅದು ಶೀರ್ಷಿಕೆ, ಪ್ರಶ್ನೆ ಅಲ್ಲ. ನಾನು ಅವರ ಕೈಗೆ ಖಾಲಿ ಹಾಳೆ ಕೊಟ್ಟು ಗ್ರಾಫ್ ಬಿಡಿಸಿ ಅನ್ನುತ್ತೇನೆ. ಅಡ್ಡ ಗೆರೆಯ ಮೇಲೆ ಏನು, ಉದ್ದ ಗೆರೆಯ ಮೇಲೆ ಏನು ಎಂದು ಬರೆಯಲು ಬಂದರೆ ಪ್ರಶ್ನೆ ಸಿಕ್ಕಿದೆ ಅಂತ. ಬರದಿದ್ದರೆ ಇನ್ನೂ ಒಂದು ವಾರ ತೋಟದಲ್ಲಿ ಓಡಾಡಿ ಬರಬೇಕು.

ಕೊಡಗಿನಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಕೆಲವನ್ನು ಹೇಳುತ್ತೇನೆ.

ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬೇಕು. ಅದನ್ನು ಗಾಳಿಯೂ ತರುತ್ತದೆ, ಹೆಜ್ಜೇನು ತುಡುವೆಯಂಥ ಜೇನುಗಳೂ ತರುತ್ತವೆ. ಹಾಗಾದರೆ ನಿಮ್ಮೂರಿನ ತೋಟದಲ್ಲಿ ಜೇನಿನ ಪಾಲು ಎಷ್ಟು? ಮೊಗ್ಗು ಅರಳುವ ಮೊದಲೇ ಗಿಡದ ಕೆಲವು ರೆಕ್ಕೆಗಳಿಗೆ, ಅಂದರೆ ಕೊಂಬೆಗಳಿಗೆ, ಸೊಳ್ಳೆ ಪರದೆಯ ಚೀಲ ಕಟ್ಟಿ. ಪಕ್ಕದ ರೆಕ್ಕೆಗಳನ್ನು ಹಾಗೇ ಬಿಡಿ. ಪರದೆ ಗಾಳಿಯ ಪರಾಗವನ್ನು ಒಳಗೆ ಬಿಡುತ್ತದೆ, ಜೇನನ್ನು ತಡೆಯುತ್ತದೆ. ಮೊಗ್ಗು ಎಷ್ಟಿತ್ತು, ಆಮೇಲೆ ಕಾಯಿ ಎಷ್ಟು ನಿಂತಿತು ಎಂದು ಎಣಿಸಿದರೆ ಆಯಿತು. ಖರ್ಚು ಒಂದು ಸೊಳ್ಳೆ ಪರದೆ.

ಇನ್ನೊಂದು, ಮಳೆ ಪುಸ್ತಕ. ಕೊಡಗಿನ ಹಳೇ ತೋಟದ ಮನೆಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು ಮತ್ತು ಸೆಂಟಿನಲ್ಲಿ ಬರೆದಿಡುವ ಅಭ್ಯಾಸ ಇದೆ. ಅಜ್ಜ ಶುರು ಮಾಡಿದ ಪುಸ್ತಕವನ್ನು ಮೊಮ್ಮಗ ಮುಂದುವರಿಸುತ್ತಿರುವ ಮನೆಗಳಿವೆ. ಒಂದು ಇಂಚಿಗೆ ನೂರು ಸೆಂಟು, ಒಂದು ಇಂಚು ಎಂದರೆ 25.4 ಮಿಲಿಮೀಟರ್. ಕೆಲವರು ಅದೇ ಪುಸ್ತಕದ ಅಂಚಿನಲ್ಲಿ ಹೂ ಅರಳಿದ ದಿನವನ್ನೂ ಗುರುತು ಹಾಕಿರುತ್ತಾರೆ. ಹೂಮಳೆ ಬಿದ್ದು ಸುಮಾರು ಒಂಬತ್ತು ಹತ್ತು ದಿನಕ್ಕೆ ಕಾಫಿ ಅರಳುತ್ತದೆ ಅಲ್ವಾ, ಆ ಲೆಕ್ಕ ಎಲ್ಲ ವರ್ಷವೂ ಒಂದೇ ಥರ ಇದೆಯಾ? ಎಷ್ಟು ಸೆಂಟು ಮಳೆ ಬಿದ್ದರೆ ಹೂ ಪೂರ್ತಿ ಬಿಡುತ್ತದೆ, ಎಷ್ಟಕ್ಕೆ ಅರ್ಧಕ್ಕೆ ನಿಲ್ಲುತ್ತದೆ? ಹತ್ತು ಮನೆಗಳ ಪುಸ್ತಕದ ಫೋಟೋ ತೆಗೆದು ಕಂಪ್ಯೂಟರಿಗೆ ಹತ್ತಿಸುವುದೇ ದೊಡ್ಡ ಸಂಶೋಧನೆ. ಪುಸ್ತಕಗಳು ಗೆದ್ದಲು ಹಿಡಿದು ಹೋಗುವ ಮೊದಲು ಯಾರಾದರೂ ಇದನ್ನು ಮಾಡಲೇಬೇಕು ಎಂದು ನನಗೆ ತುಂಬಾ ಅನಿಸುತ್ತದೆ.

ಮದ್ದುಸೊಪ್ಪಿನ ಬಗ್ಗೆಯೂ ಮಕ್ಕಳು ಕೇಳುತ್ತಾರೆ. ಆಟಿ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟ್ 3ರ ಸುಮಾರಿಗೆ, ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬ ನಂಬಿಕೆ ನಮ್ಮೆಲ್ಲರ ಮನೆಯಲ್ಲೂ ಇದೆ. ಔಷಧಿಯ ಗುಣ ಅಳೆಯುವುದು ನಮ್ಮ ಲ್ಯಾಬಿನಿಂದ ಆಗದ ಕೆಲಸ. ಆದರೆ ಬಣ್ಣ ಅಳೆಯಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಒಂದೇ ತೂಕದ ಎಲೆ, ಒಂದೇ ಅಳತೆಯ ನೀರು, ಒಂದೇ ಹೊತ್ತು ಕುದಿತ. ಬಂದ ನೇರಳೆ ಬಣ್ಣವನ್ನು ಕಲರಿಮೀಟರಿನಲ್ಲಿ ನೋಡಿ. ಏನು ಅಳೆದಿರೋ ಅಷ್ಟನ್ನೇ ಹೇಳಿ, ಅದಕ್ಕಿಂತ ಒಂದು ಮಾತೂ ಜಾಸ್ತಿ ಬೇಡ.

ನಾವು ಹಿಡಿದ ಪ್ರಶ್ನೆ ಇದು: ಸಿಲ್ವರ್ ಓಕ್ ಮರದ ಕೆಳಗಿನ ತರಗೆಲೆಯಲ್ಲಿ ಇರುವ ಸಣ್ಣ ಜೀವಿಗಳಿಗೂ, ಹಲಸು, ಅತ್ತಿ, ನೇರಳೆಯಂಥ ನಾಡಮರದ ಕೆಳಗಿನ ಜೀವಿಗಳಿಗೂ ವ್ಯತ್ಯಾಸ ಇದೆಯಾ? ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ನೇರವಾಗಿ ನಿಲ್ಲುತ್ತದೆ, ಕಡಿದು ಮಾರುವುದೂ ಸುಲಭ. ಹಾಗಾಗಿ ಎಷ್ಟೋ ತೋಟಗಳಲ್ಲಿ ನಾಡಮರದ ಜಾಗಕ್ಕೆ ಅದು ಬಂದಿದೆ. ಮೇಲೆ ಹಕ್ಕಿಗಳಿಗೆ ಏನಾಯಿತು ಎಂದು ಜನ ಕೇಳುತ್ತಾರೆ. ಕೆಳಗೆ ನೆಲಕ್ಕೆ ಏನಾಯಿತು ಎಂದು ಕೇಳುವವರು ಕಡಿಮೆ.

ಎರಡನೇ ಹೆಜ್ಜೆ: ಕೇಳಿಕೊಂಡು ಹೋಗುವುದು

ತೋಟದ ಮಾಲೀಕರ ಬಳಿ ಹೋಗುವಾಗ ತೀರ್ಪು ಹೊತ್ತುಕೊಂಡು ಹೋಗಬೇಡಿ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಸಿಲ್ವರ್ ಓಕನ್ನೇ ನಂಬಿಕೊಂಡ ಬೆಳೆಗಾರರಿಗೆ "ನಿಮ್ಮ ಮರ ಕೆಟ್ಟದ್ದು ಅಂತ ತೋರಿಸುತ್ತೇವೆ" ಅಂದರೆ ಗೇಟು ತೆಗೆಯುತ್ತಾರಾ? ನಿಜ ಹೇಳಬೇಕೆಂದರೆ ಉತ್ತರ ನಮಗೂ ಗೊತ್ತಿಲ್ಲ. ಗೊತ್ತಿದ್ದರೆ ಅಳೆಯುವ ಅಗತ್ಯವೇ ಇರಲಿಲ್ಲ. ಅದನ್ನೇ ಅವರಿಗೆ ಹೇಳಿ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪುಟದ ಪತ್ರ ಕೊಡಿ. ಯಾವ ತಿಂಗಳು, ಎಷ್ಟು ಮಂದಿ, ಏನು ತೆಗೆದುಕೊಂಡು ಹೋಗುತ್ತೀರಿ, ಫಲಿತಾಂಶ ಬಂದ ಮೇಲೆ ಮೊದಲು ಯಾರಿಗೆ ತೋರಿಸುತ್ತೀರಿ ಎಂದು ಕನ್ನಡದಲ್ಲಿ ಬರೆಯಿರಿ. ತೋಟದ ಹೆಸರು ಎಲ್ಲೂ ಬರಬಾರದು ಎಂದರೆ ಬರಬಾರದು, ಅಷ್ಟೇ.

ಕಾಡಿಗೆ ಕಾಲಿಡುವ ಯೋಚನೆ ಇದ್ದರೆ ಬೇರೆ ಲೆಕ್ಕ. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಎಲ್ಲವೂ ಸಂರಕ್ಷಿತ ಪ್ರದೇಶಗಳು. ಅಲ್ಲಿ ಒಂದು ಎಲೆ ತೆಗೆಯಲೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು, ಅದಕ್ಕೆ ತಿಂಗಳುಗಳು ಹಿಡಿಯಬಹುದು. ಮೊದಲ ಸಂಶೋಧನೆಗೆ ಖಾಸಗಿ ತೋಟವೇ ಸರಿ. ದೇವರಕಾಡು ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ಇವೆ. ಅಲ್ಲಿಗೆ ಇಲಾಖೆಯ ಜೊತೆ ದೇವಸ್ಥಾನ ಸಮಿತಿಯನ್ನೂ ಕೇಳಬೇಕು. ಕಟ್ಟುಪಾಡಿನ ದಿನಗಳಲ್ಲಿ ಹೋಗಬಾರದು, ಚಪ್ಪಲಿ ಹಾಕಬಾರದು ಎಂದರೆ ಹಾಕಬಾರದು. ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ರಚನೆಯಾದದ್ದು. ಅವರಿಗೂ ಒಂದು ಪತ್ರ ಕೊಟ್ಟಿಡಿ.

ಕಪ್ಪೆ, ಹಾವು, ಹಲ್ಲಿ, ಹಕ್ಕಿ ಹಿಡಿಯುವ ಪ್ರಯೋಗ ಬೇಡವೇ ಬೇಡ. ಬೆನ್ನೆಲುಬಿರುವ ಪ್ರಾಣಿಯ ಮೇಲೆ ಪ್ರಯೋಗ ಮಾಡಲು ನೈತಿಕ ಸಮಿತಿ ಬೇಕು, ವನ್ಯಜೀವಿ ಕಾಯ್ದೆಯೂ ಇದೆ. ಚಿಟ್ಟೆಗಳಲ್ಲೂ ಎಷ್ಟೋ ಜಾತಿಗಳು ಕಾಯ್ದೆಯ ಪಟ್ಟಿಯಲ್ಲಿವೆ. ಕಪ್ಪೆ ಇಷ್ಟವಾದರೆ ದನಿ ಕೇಳಿ. ಮನೆಯ ಜಗಲಿಯಲ್ಲಿ ಕೂತು ಜೂನ್ ಇಡೀ ದಿನಾ ರಾತ್ರಿ ಎಂಟಕ್ಕೆ ಹತ್ತು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿದರೂ ಒಳ್ಳೆಯ ದಾಖಲೆ ಆಗುತ್ತದೆ.

ಆನೆ. ಇದನ್ನು ಕೊನೆಗೆ ಹೇಳಿದರೂ ಮೊದಲು ನೋಡಬೇಕಾದ್ದು. ಹೊರಡುವ ದಿನ ಬೆಳಿಗ್ಗೆ ತೋಟದ ರೈಟರಿಗೆ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರಿಗೆ) ಫೋನ್ ಮಾಡಿ, ಆನೆ ಯಾವ ಕಡೆ ಇದೆ ಎಂದು ಕೇಳದೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಎಂಟೂವರೆಗೆ ಮೊದಲು ಒಳಗೆ ಹೋಗುವುದು ಬೇಡ, ನಾಲ್ಕರ ಒಳಗೆ ರಸ್ತೆಯಲ್ಲಿರಬೇಕು. ಇಯರ್‌ಫೋನ್ ಬೇಡ. ಗುಂಪಿನಲ್ಲಿ ಒಬ್ಬರಾದರೂ ಆ ತೋಟದಲ್ಲಿ ಕೆಲಸ ಮಾಡುವವರು ಇರಬೇಕು. "ಇವತ್ತು ಬೇಡ" ಎಂದು ಅವರು ಹೇಳಿದರೆ ಎದುರು ಮಾತಾಡದೆ ವಾಪಸ್ ಬನ್ನಿ.

ಮೂರನೇ ಹೆಜ್ಜೆ: ತೋಟಕ್ಕೆ ಹೋಗುವ ಮೊದಲೇ ಲೆಕ್ಕ

ಇಲ್ಲಿ ತಪ್ಪಿದರೆ ಆಮೇಲೆ ಯಾವ ಸಾಫ್ಟ್‌ವೇರೂ ಸರಿ ಮಾಡುವುದಿಲ್ಲ. ಆದ್ದರಿಂದ ನಿಧಾನವಾಗಿ ಓದಿ.

ಒಂದೇ ತೋಟದ ಒಂದೇ ಸಿಲ್ವರ್ ಓಕ್ ಕೆಳಗೆ ಹತ್ತು ಕಡೆ ತರಗು ತೆಗೆದು, ಪಕ್ಕದ ಒಂದು ಹಲಸಿನ ಕೆಳಗೆ ಹತ್ತು ಕಡೆ ತೆಗೆದರೆ ಇಪ್ಪತ್ತು ಮಾದರಿ ಆಯಿತು ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಆಗಲಿಲ್ಲ. ಮರ ಒಂದೊಂದೇ. ಆ ಹಲಸಿನ ಬುಡದಲ್ಲಿ ಹಿಂದೆ ಸಗಣಿ ಗುಡ್ಡೆ ಇದ್ದಿರಬಹುದು, ಸಿಲ್ವರ್ ಓಕ್ ಇಳಿಜಾರಿನಲ್ಲಿ ಇರಬಹುದು. ನೀವು ಕಂಡ ವ್ಯತ್ಯಾಸ ಎರಡು ಜಾತಿಯದ್ದೋ ಎರಡು ಮರದ್ದೋ ಹೇಳುವುದು ಹೇಗೆ? ಸಾರು ಕುದಿಯುವ ಮುನ್ನ ಒಂದೇ ಮೂಲೆಯಿಂದ ಹತ್ತು ಚಮಚ ರುಚಿ ನೋಡಿದ ಹಾಗೆ ಅದು.

ಹಾಗಾಗಿ ಜೋಡಿ ಕಟ್ಟಿ. ಹನ್ನೆರಡು ತೋಟ. ಪ್ರತಿ ತೋಟದಲ್ಲಿ ಒಂದು ಸಿಲ್ವರ್ ಓಕ್, ಒಂದು ನಾಡಮರ. ಎರಡರ ನಡುವೆ ಮೂವತ್ತು ಮೀಟರಾದರೂ ದೂರ ಇರಲಿ, ಒಂದರ ಎಲೆ ಇನ್ನೊಂದರ ಕೆಳಗೆ ಬೀಳದ ಹಾಗೆ. ಆದರೆ ಇಳಿಜಾರು, ಗೊಬ್ಬರ, ಕಾಫಿ ತಳಿ ಎಲ್ಲ ಒಂದೇ ಇರಲಿ. ಆಗ ಒಂದೊಂದು ತೋಟವೂ ಒಂದೊಂದು ಹೋಲಿಕೆ ಆಗುತ್ತದೆ.

ಯಾಕೆ ಹನ್ನೆರಡು? ಜೋಡಿ ಲೆಕ್ಕಕ್ಕೆ ವಿಲ್ಕಾಕ್ಸನ್ ಪರೀಕ್ಷೆ ಎಂಬ ಸರಳ ವಿಧಾನ ಇದೆ. ಐದೇ ಜೋಡಿ ಇದ್ದು, ಐದರಲ್ಲೂ ನಾಡಮರವೇ ಮುಂದೆ ಇದ್ದರೂ, ಹೀಗೆ ಐದೂ ಯಾವುದಾದರೂ ಒಂದೇ ಕಡೆಗೆ ವಾಲುವುದು ಬರೀ ಅದೃಷ್ಟದಿಂದ ಆಗುವ ಸಾಧ್ಯತೆ 6.25%. ಅಂದರೆ ಎಲ್ಲರೂ ಒಪ್ಪುವ 5%ರ ಗೆರೆಯನ್ನು ಐದು ಜೋಡಿಯಿಂದ ದಾಟಲು ಆಗುವುದೇ ಇಲ್ಲ. ಇಷ್ಟು ಮೊದಲೇ ಗೊತ್ತಿದ್ದರೆ ಒಂದು ವರ್ಷದ ಶ್ರಮ ಉಳಿಯುತ್ತದೆ. ಆರು ಜೋಡಿಯಿಂದ ದಾಟಬಹುದು, ಆದರೆ ಆರೂ ಒಂದೇ ಕಡೆ ವಾಲಬೇಕು. ಹನ್ನೆರಡು ಇದ್ದರೆ ಒಂದೆರಡು ತೋಟ ಸಣ್ಣ ಅಂತರದಲ್ಲಿ ಉಲ್ಟಾ ಬಂದರೂ ಪರವಾಗಿಲ್ಲ.

ಮರ ಆರಿಸುವಾಗ ಚೀಟಿ ಎತ್ತಿ. ತೋಟದ ರೈಟರ ಜೊತೆ ಮರಗಳಿಗೆಲ್ಲ ನಂಬರ್ ಹಾಕಿ, ಚೀಟಿ ಎತ್ತಿದ ಮರದ ಕೆಳಗೇ ಕೂರಿ. "ಇಲ್ಲಿ ತರಗು ದಪ್ಪ ಇದೆ, ಹುಳ ಚೆನ್ನಾಗಿ ಸಿಗುತ್ತೆ" ಎಂದು ಮನಸ್ಸು ಎಳೆಯುತ್ತದೆ. ಅದಕ್ಕೆ ಬಗ್ಗಬಾರದು.

ಯಾವಾಗ? ಕಾಫಿ ಕೊಯ್ಲು ಶುರುವಾದರೆ ತರಗೆಲ್ಲ ತುಳಿದು ಪುಡಿಯಾಗುತ್ತದೆ. ಜುಲೈಯಲ್ಲಿ ತರಗು ಸೋರುವಷ್ಟು ಒದ್ದೆ. ನಮಗೆ ಸರಿ ಕಂಡದ್ದು ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದ ಮೇಲೆ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬರುವವರೆಗಿನ ಆರು ವಾರ. ವಾರಕ್ಕೆ ಎರಡು ತೋಟ, ಆರು ವಾರಕ್ಕೆ ಹನ್ನೆರಡು. ಸೆಮಿಸ್ಟರ್ ಪರೀಕ್ಷೆಗೂ ಸಿಕ್ಕಿಬೀಳುವುದಿಲ್ಲ. ಆದರೆ ಒಂದು ತೋಟದ ಎರಡೂ ಮರದ ಮಾದರಿಯನ್ನು ಒಂದೇ ದಿನ ತೆಗೆಯಬೇಕು, ಇದನ್ನು ಮರೆಯಬೇಡಿ.

ಇನ್ನೊಂದು ಮಾತನ್ನು ರೈಟರ ಬಳಿ ಕೇಳಿ ಬರೆದುಕೊಳ್ಳಿ: ಬೋರ್ಡೊ ದ್ರಾವಣ ಯಾವಾಗ ಹೊಡೆದರು, ಕಳೆನಾಶಕ ಬಳಸಿದ್ದಾರಾ, ಗೊಬ್ಬರ ಯಾವಾಗ ಹಾಕಿದರು, ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಯಾವಾಗ ಆಯಿತು. ಬೋರ್ಡೊದಲ್ಲಿ ತಾಮ್ರ ಇದೆ. ಎಲೆ ಮೇಲೆ ಹೊಡೆದದ್ದು ಕೊನೆಗೆ ಇಳಿಯುವುದು ತರಗಿಗೇ.

ನಾಲ್ಕನೇ ಹೆಜ್ಜೆ: ತರಗು ತೆಗೆಯುವುದು, ಜೀವಿ ಇಳಿಸುವುದು

ಪಿವಿಸಿ ಪೈಪಿನಲ್ಲಿ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಚೌಕಟ್ಟು ಮಾಡಿಕೊಳ್ಳಿ. ಮರದ ಬುಡದಿಂದ ಒಂದೂವರೆ ಮೀಟರ್ ದೂರದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಸಲ ಇಡಿ. ನಾಲ್ಕೂ ಸೇರಿದರೆ ಸರಿಯಾಗಿ ಒಂದು ಚದರ ಮೀಟರ್. ನಾಲ್ಕನ್ನೂ ಒಂದೇ ಬಟ್ಟೆ ಚೀಲಕ್ಕೆ ಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವೆತು ಜೀವಿಗಳು ಸಾಯುತ್ತವೆ.

ತರಗು ಎತ್ತುವಾಗ ಕೈಗವಸು ಹಾಕಿ, ಮೊದಲು ಕೋಲಿನಿಂದ ಕೆದಕಿ ನೋಡಿ. ಹಾವು ಚೇಳು ಇರಬಹುದು. ಇಂಬಳಕ್ಕೆ ಸಾಬೂನು ಉಜ್ಜಿದ ಕಾಲುಚೀಲ ಸಾಕು. ದೊಡ್ಡ ಸಹಸ್ರಪದಿ ಕಂಡರೆ, ಮುಟ್ಟಿದರೆ ಗೋಲಿಯ ಹಾಗೆ ಸುತ್ತಿಕೊಳ್ಳುವ ಜಾತಿಯೂ ನಮ್ಮಲ್ಲಿದೆ, ಅದನ್ನು ಅಲ್ಲೇ ಎಣಿಸಿ, ಫೋಟೋ ತೆಗೆದು, ವಾಪಸ್ ಬಿಡಿ. ಅದು ನಮ್ಮ ಜಾಲರಿಯಲ್ಲಿ ಇಳಿಯುವುದಿಲ್ಲ.

ಜೀವಿಗಳನ್ನು ತರಗಿನಿಂದ ಬೇರೆ ಮಾಡಲು ಎರಡು ದಾರಿ. ಒಂದು ಬರ್ಲೀಸ್ ಆಲಿಕೆ. ಇಟಲಿಯ ಕೀಟತಜ್ಞ ಆಂಟೋನಿಯೊ ಬರ್ಲೀಸ್ 1905ರಲ್ಲಿ ಮಾಡಿದ ಉಪಾಯ. ದೊಡ್ಡ ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ ತಲೆಕೆಳಗು ಮಾಡಿದರೆ ಆಲಿಕೆ ಆಯಿತು. ಒಳಗೆ ಜಾಲರಿ, ಅದರ ಮೇಲೆ ತರಗು, ಕೆಳಗೆ ಆಲ್ಕೋಹಾಲ್ ಬಾಟಲಿ, ಮೇಲೆ ಬಲ್ಬು. ಬಿಸಿಗೂ ಒಣಗಿಗೂ ಹೆದರಿ ಜೀವಿಗಳು ಕೆಳಗೆ ಕೆಳಗೆ ಹೋಗಿ ಬಾಟಲಿಗೆ ಬೀಳುತ್ತವೆ. ಬಲ್ಬು ಹಳೇ ಕಾಲದ ತಂತಿಯ 40 ವ್ಯಾಟಿನದ್ದೇ ಆಗಬೇಕು. ಎಲ್‌ಇಡಿ ಬಿಸಿಯಾಗುವುದಿಲ್ಲ, ಪ್ರಯೋಜನ ಇಲ್ಲ.

ಆದರೆ ಕರೆಂಟು? ಒಂದು ತೋಟದ ಮಾದರಿ ಬಲ್ಬಿನಡಿ ಮೂರು ದಿನ, ಇನ್ನೊಂದು ತೋಟದ್ದು ಕರೆಂಟು ಹೋಗಿ ಒಂದೇ ದಿನ ಎಂದಾದರೆ ಹೋಲಿಕೆ ಎಲ್ಲಿ ಉಳಿಯಿತು? ಅದಕ್ಕೇ ನಾನು ವಿಂಕ್ಲರ್ ಚೀಲದ ಪರ. ಇದಕ್ಕೆ ವಿದ್ಯುತ್ತೇ ಬೇಡ. ದಪ್ಪ ಕಾಟನ್ ಬಟ್ಟೆಯಲ್ಲಿ ಉದ್ದನೆಯ ಚೀಲ, ಕೆಳಗೆ ಆಲಿಕೆಯ ಹಾಗೆ ಕಿರಿದಾಗಿ ಬಾಟಲಿಗೆ ಕಟ್ಟಬೇಕು. ಒಳಗೆ ಬಲೆಯ ಸಣ್ಣ ಚೀಲಗಳಲ್ಲಿ ಜರಡಿ ಹಿಡಿದ ತರಗು ತೂಗುಬಿಡಬೇಕು. ತರಗು ನಿಧಾನ ಒಣಗುತ್ತಾ ಬಂದ ಹಾಗೆ ಜೀವಿಗಳು ಬಲೆಯಿಂದ ಹೊರಬಂದು ಕೆಳಗೆ ಉದುರುತ್ತವೆ. ಬೇರೆ ಕಡೆ 48 ಗಂಟೆ ಸಾಕು ಅನ್ನುತ್ತಾರೆ. ನಮ್ಮ ತಂಡಿ ಹವೆಗೆ 72 ಗಂಟೆ ಇಡುತ್ತೇವೆ, ಎಲ್ಲ ಚೀಲಕ್ಕೂ ಅಷ್ಟೇ. ಸಂತೆ ಬೀದಿಯ ದರ್ಜಿಗೆ ಚಿತ್ರ ತೋರಿಸಿದರೆ ಹೊಲಿದುಕೊಡುತ್ತಾರೆ. ನಾಲ್ಕು ಚೀಲ ಇದ್ದರೆ ವಾರದ ಎರಡು ತೋಟ ಮುಗಿಯುತ್ತದೆ.

ಎಥನಾಲ್ ಇಟ್ಟುಕೊಳ್ಳಲು ಕಾಲೇಜಿಗೆ ಅಬಕಾರಿ ಪರವಾನಗಿ ಬೇಕು. ಅದಿಲ್ಲದಿದ್ದರೆ 70% ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸಿ, ರೂಪ ನೋಡಿ ಗುರುತಿಸುವ ಕೆಲಸಕ್ಕೆ ಸಾಕು. ಮುಂದೆ ಡಿಎನ್ಎ ನೋಡುವ ಆಸೆ ಇದ್ದರೆ ಕೆಲವನ್ನು 95%ಕ್ಕಿಂತ ಮೇಲಿನ ಎಥನಾಲ್‌ನಲ್ಲೇ ಇಡಬೇಕು.

ತರಗನ್ನು ಎಸೆಯಬೇಡಿ. ಜೀವಿ ಇಳಿದ ಮೇಲೆ ಓವನ್‌ನಲ್ಲಿ 60 ಡಿಗ್ರಿಗೆ ಒಣಗಿಸಿ, ತೂಕ ಬದಲಾಗದ ತನಕ ಇಟ್ಟು, ತೂಗಿ ಬರೆಯಿರಿ. ಸಿಲ್ವರ್ ಓಕ್ ಎಲೆ ಬೇಗ ಕೊಳೆಯದೆ ರಾಶಿ ಬೀಳುತ್ತದೆ. ಹಾಗಾಗಿ ಒಂದು ಚದರ ಮೀಟರಿಗೆ ಲೆಕ್ಕ ಹಾಕಿದರೆ ಒಂದು ಉತ್ತರ, ಒಂದು ಗ್ರಾಂ ಒಣ ತರಗಿಗೆ ಲೆಕ್ಕ ಹಾಕಿದರೆ ಇನ್ನೊಂದು ಉತ್ತರ ಬರಬಹುದು. ಎರಡನ್ನೂ ಹೇಳಬೇಕು.

ಐದನೇ ಹೆಜ್ಜೆ: ಚೀಟಿ

ಇದಕ್ಕೆ ಬೇರೆ ಹೆಜ್ಜೆ ಯಾಕೆ ಅಂದುಕೊಳ್ಳಬೇಡಿ.

ನಾವು ಶುರು ಮಾಡಿದ ವರ್ಷ ಬಾಟಲಿಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ ನಂಬರ್ ಬರೆದಿದ್ದೆವು. ಒಳಗೆ ಬಾಲ್‌ಪೆನ್ನಿನ ಚೀಟಿ. ಎರಡು ತಿಂಗಳ ನಂತರ ಕಪಾಟು ತೆಗೆದೆ. ಬಾಟಲಿಯ ಮೇಲೆ ಆಲ್ಕೋಹಾಲ್ ಸೋರಿ ಮಾರ್ಕರ್ ಅಳಿಸಿತ್ತು. ಒಳಗಿನ ಚೀಟಿಯಲ್ಲಿ ಅಕ್ಷರ ಇಲ್ಲ. ಬಾಟಲಿಯ ನೀರು ಮಾತ್ರ ತಿಳಿ ನೀಲಿ. ಹದಿನಾರು ಬಾಟಲಿ, ಪ್ರತಿಯೊಂದರಲ್ಲೂ ಜೀವಿಗಳು ಹಾಗೇ ಇದ್ದವು. ಯಾವ ತೋಟದ್ದು, ಯಾವ ಮರದ್ದು ಎಂದು ಹೇಳುವವರು ಯಾರೂ ಇರಲಿಲ್ಲ. ಇಂಬಳ ಕಚ್ಚಿಸಿಕೊಂಡು ತಂದ ಮಕ್ಕಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಆಮೇಲಿಂದ ಇಷ್ಟು ಮಾಡುತ್ತೇವೆ. ದಪ್ಪ ಡ್ರಾಯಿಂಗ್ ಹಾಳೆಯ ಸಣ್ಣ ಚೂರು, ಅದರ ಮೇಲೆ ಗಟ್ಟಿ ಪೆನ್ಸಿಲ್ ಬರಹ. ಪೆನ್ಸಿಲ್ ಆಲ್ಕೋಹಾಲಿಗೆ ಕರಗುವುದಿಲ್ಲ. ಚೀಟಿ ಬಾಟಲಿಯ ಒಳಗೆ ಇರಬೇಕು, ತೋಟದಲ್ಲೇ, ತರಗು ಚೀಲಕ್ಕೆ ಬೀಳುವಾಗಲೇ ಬರೆಯಬೇಕು. ಊರು, ತೋಟದ ಸಂಕೇತ, ಮರ, ದಿನ, ತೆಗೆದವರ ಹೆಸರು. ಅದೇ ಸಾಲು ರಿಜಿಸ್ಟರಿನಲ್ಲಿ. ಸಂಜೆ ರಿಜಿಸ್ಟರಿನ ಆ ಪುಟದ ಫೋಟೋ ತೆಗೆದು ಎಲ್ಲರ ಫೋನಿಗೆ.

ಆರನೇ ಹೆಜ್ಜೆ: ನೋಡುವುದು, ಗುರುತಿಸುವುದು

ಮಕ್ಕಳು ನಿಜವಾಗಿ ಬದಲಾಗುವುದು ಇಲ್ಲಿ. ಬಿಳಿ ತಟ್ಟೆಗೆ ಬಾಟಲಿ ಸುರಿದಾಗ ಮೊದಲು ಕಾಣುವುದು ಮಣ್ಣಿನ ಪುಡಿ ಅಷ್ಟೇ. ಮೈಕ್ರೋಸ್ಕೋಪಿನಡಿ ಇಟ್ಟು ಫೋಕಸ್ ತಿರುಗಿಸಿದರೆ ಪುಡಿಗೆ ಕಾಲು ಬರುತ್ತದೆ. ಒಬ್ಬ ಹುಡುಗಿ ಒಂದು ದಿನ "ಸರ್, ಬಾಲ ಇಲ್ಲದ ಚೇಳಿನ ಮರಿ" ಎಂದು ಕೂಗಿದಳು. ಮೂರು ಮಿಲಿಮೀಟರ್ ಕಂದು ಜೀವಿ. ಮುಂದೆ ಎರಡು ಕೊಂಡಿ, ಚೇಳಿನದ್ದೇ. ಹಿಂದೆ ಬಾಲವೂ ಇಲ್ಲ, ಮುಳ್ಳೂ ಇಲ್ಲ, ಗುಂಡಗೆ ಮುಗಿಯುತ್ತದೆ. ಅದು ಹುಸಿಚೇಳು. ಪೂರ್ತಿ ಬೆಳೆದರೂ ಅಷ್ಟೇ ಗಾತ್ರ. ಅವಳ ಮನೆಯಿಂದ ಇಪ್ಪತ್ತು ಹೆಜ್ಜೆ ದೂರದ ಅತ್ತಿ ಮರದ ತರಗಿನಲ್ಲಿ ಇದ್ದದ್ದು.

ಮೊದಲ ವರ್ಷ ಜಾತಿಯ ಹೆಸರಿಗೆ ಹೋಗಬೇಡಿ. ಗಣದ ಮಟ್ಟ, ಅಂದರೆ ನುಸಿ, ಇರುವೆಯಂಥ ದೊಡ್ಡ ಗುಂಪಿನ ಮಟ್ಟ ಸಾಕು. ಎಂಟು ಕಾಲಿದ್ದು ಮೈ ಒಂದೇ ಗುಳಿಗೆಯಂತಿದ್ದರೆ ನುಸಿ. ಹೊಟ್ಟೆಯ ಕೆಳಗೆ ಕವೆಯಂಥ ಸ್ಪ್ರಿಂಗ್ ಮಡಚಿಕೊಂಡಿದ್ದರೆ ಸ್ಪ್ರಿಂಗ್‌ಟೇಲ್, ಬದುಕಿದ್ದಾಗ ಅದರಿಂದಲೇ ಚಿಮ್ಮುತ್ತದೆ. ಮೈಯ ಒಂದೊಂದು ಉಂಗುರಕ್ಕೆ ಒಂದು ಜೊತೆ ಕಾಲಿದ್ದರೆ ಶತಪದಿ, ಹೆಚ್ಚಿನ ಉಂಗುರಗಳಲ್ಲಿ ಎರಡು ಜೊತೆ ಇದ್ದರೆ ಸಹಸ್ರಪದಿ. ಸೊಂಟದಲ್ಲಿ ಒಂದು ಅಥವಾ ಎರಡು ಗಂಟು ಇದ್ದರೆ ಇರುವೆ. ಗಣದೊಳಗೆ ಬೇರೆ ಬೇರೆ ಕಂಡವುಗಳಿಗೆ ಇರುವೆ 1, ಇರುವೆ 2 ಎಂದು ನಂಬರ್ ಕೊಟ್ಟು ಒಂದೊಂದನ್ನು ಮಾದರಿಯಾಗಿ ಎತ್ತಿಡಿ. ಚೀಲ ಯಾವ ಮರದ್ದು ಎಂದು ಎಣಿಸುವವರಿಗೆ ಗೊತ್ತಾಗಬಾರದು. ಬೇರೆಯವರು ಸಂಕೇತ ಕೊಟ್ಟಿರಲಿ. ಪ್ರತಿ ಐದನೇ ಬಾಟಲಿಯನ್ನು ಇಬ್ಬರು ಬೇರೆ ಬೇರೆಯಾಗಿ ಎಣಿಸಿ ತಾಳೆ ನೋಡಲಿ.

ಮುಂದೆ ತಜ್ಞರು ಬೇಕಾಗುತ್ತಾರೆ. ಪೊನ್ನಂಪೇಟೆಯ ಅರಣ್ಯ ಕಾಲೇಜು ಹತ್ತಿರವೇ ಇದೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ, ಅಪ್ಪಂಗಳದಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇವೆ. ಬೆಂಗಳೂರಿನಲ್ಲಿ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋ ಮತ್ತು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯಲ್ಲಿ ಕೀಟ ಸಂಗ್ರಹಗಳಿವೆ. ಗಿಡಮರಕ್ಕಾದರೆ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ). ಸುಮ್ನೆ "ಇದು ಯಾವುದು ಹೇಳಿ" ಎಂದು ಮಸುಕು ಫೋಟೋ ಕಳಿಸಬೇಡಿ. ಮೇಲಿನಿಂದ, ಪಕ್ಕದಿಂದ, ತಲೆಯ ಮುಂದಿನಿಂದ ಮೂರು ಫೋಟೋ, ಜೊತೆಗೆ ಅಳತೆ ಗೆರೆ, ಸಿಕ್ಕ ಜಾಗ, ನಿಮ್ಮ ಊಹೆ ಏನು, ಯಾಕೆ ಹಾಗೆ ಊಹಿಸಿದಿರಿ. ಹೀಗೆ ಬರೆದ ಪತ್ರಕ್ಕೆ ಉತ್ತರ ಬಂದೇ ಬರುತ್ತದೆ ಎಂಬುದು ನನ್ನ ಅನುಭವ.

ಏಳನೇ ಹೆಜ್ಜೆ: ಲೆಕ್ಕ ಹಾಕುವುದು

ವಿಲ್ಕಾಕ್ಸನ್ ಲೆಕ್ಕವನ್ನು ಒಂದು ಸಲ ಕೈಯಲ್ಲೇ ಮಾಡಿಸಿ. ಪ್ರತಿ ತೋಟಕ್ಕೆ ನಾಡಮರದ ಎಣಿಕೆಯಿಂದ ಸಿಲ್ವರ್ ಓಕ್ ಎಣಿಕೆ ಕಳೆಯಿರಿ. ಕೂಡು ಕಳೆ ಚಿಹ್ನೆ ಬಿಟ್ಟು, ಸಣ್ಣ ವ್ಯತ್ಯಾಸಕ್ಕೆ 1, ಅದರ ಮೇಲಿನದ್ದಕ್ಕೆ 2 ಎಂದು ಸ್ಥಾನ ಕೊಡಿ. ಈಗ ಕೂಡು ಚಿಹ್ನೆಯವರ ಸ್ಥಾನಗಳನ್ನು ಒಂದು ಕಡೆ, ಕಳೆ ಚಿಹ್ನೆಯವರದ್ದನ್ನು ಇನ್ನೊಂದು ಕಡೆ ಕೂಡಿಸಿ. ಹನ್ನೆರಡು ಜೋಡಿಗೆ ಎರಡರಲ್ಲಿ ಸಣ್ಣ ಮೊತ್ತ 13 ಅಥವಾ ಅದಕ್ಕಿಂತ ಕಡಿಮೆ ಬಂದರೆ 5%ರ ಗೆರೆ ದಾಟಿದಿರಿ. ಆಮೇಲೆ ಪಾಸ್ಟ್ ಅಥವಾ ಆರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಅದನ್ನೇ ಮಾಡಿ ತಾಳೆ ನೋಡಿ.

ಹತ್ತು ಗಣಗಳಿಗೆ ಹತ್ತು ಸಲ ಪರೀಕ್ಷೆ ಮಾಡಿ, ಗೆರೆ ದಾಟಿದ ಒಂದನ್ನು ಮಾತ್ರ ಬರೆಯುವುದು ಮೋಸ. ಯಾವುದನ್ನು ಪರೀಕ್ಷಿಸುತ್ತೀರಿ ಎಂದು ತೋಟಕ್ಕೆ ಹೋಗುವ ಮೊದಲೇ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿ. ವ್ಯತ್ಯಾಸ ಇಲ್ಲ ಎಂದು ಬಂದರೆ ಅದೂ ಉತ್ತರವೇ, ಬೆಳೆಗಾರರಿಗೆ ಅದೂ ಬೇಕಾದ ಸುದ್ದಿ.

ಎಂಟನೇ ಹೆಜ್ಜೆ: ಬರೆಯುವುದು, ದುಡ್ಡು

ಬರಹದ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಮೊದಲು ಕೋಷ್ಟಕ ಮತ್ತು ಗ್ರಾಫ್, ಆಮೇಲೆ ವಿಧಾನ, ಕೊನೆಗೆ ಪೀಠಿಕೆ. ತರಗು ತೋರಿಸಿದ ರೈಟರು, ಮರದ ಹೆಸರು ಹೇಳಿದ ಕಾರ್ಮಿಕರು, ಇವರ ಒಪ್ಪಿಗೆ ಪಡೆದು ಹೆಸರು ಹಾಕಿ. ಎರಡೇ ದಿನದಲ್ಲಿ ಅಚ್ಚು ಹಾಕುತ್ತೇವೆ, ಇಷ್ಟು ದುಡ್ಡು ಕಳಿಸಿ ಎಂದು ಮೇಲ್ ಮಾಡುವ ಜರ್ನಲ್‌ಗಳ ಕಡೆ ನೋಡಲೂ ಬೇಡಿ. ಓದಿ ತಪ್ಪು ತಿದ್ದುವವರು ಅಲ್ಲಿ ಯಾರೂ ಇರುವುದಿಲ್ಲ. ಮಕ್ಕಳ ಹೆಸರಿಗೆ ಅದು ಮುಂದೆ ಕಳಂಕ. ಎಣಿಕೆಯ ಪೂರ್ತಿ ಕೋಷ್ಟಕವನ್ನು ಜೆನೋಡೊ ಎಂಬ ಜಾಲತಾಣದಲ್ಲಿ ಉಚಿತವಾಗಿ ಇಡಬಹುದು, ಅದಕ್ಕೆ ಶಾಶ್ವತ ಗುರುತು ಸಂಖ್ಯೆ ಸಿಗುತ್ತದೆ. ಫೋಟೋಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ.

ಮೇಲಿನ ಕೆಲಸಕ್ಕೆ ದೊಡ್ಡ ಅನುದಾನ ಬೇಡ. ಆದರೆ ಮೈಕ್ರೋಸ್ಕೋಪ್ ಬೇಕೆಂದರೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಸ್ಟಾರ್ ಕಾಲೇಜು ಯೋಜನೆ ಪದವಿ ಕಾಲೇಜುಗಳಿಗೆಂದೇ ಇದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೆ ಮಕ್ಕಳೂ ಅಧ್ಯಾಪಕರೂ ಅರ್ಜಿ ಹಾಕಬಹುದು. ಒಬ್ಬ ವಿದ್ಯಾರ್ಥಿ ನಮ್ಮ ಬಾಟಲಿಗಳ ಸಮೇತ ದೊಡ್ಡ ಲ್ಯಾಬಿಗೆ ಹೋಗಿ ಬಂದರೆ ಮುಂದಿನ ತಂಡಕ್ಕೆಲ್ಲ ದಾರಿ ಆಗುತ್ತದೆ.

ಒಂಬತ್ತನೇ ಹೆಜ್ಜೆ: ಕೈ ದಾಟಿಸುವುದು

ಮಕ್ಕಳು ಮೂರು ವರ್ಷಕ್ಕೆ ಹೊರಡುತ್ತಾರೆ. ಅಧ್ಯಾಪಕರಿಗೆ ವರ್ಗಾವಣೆ ಆಗುತ್ತದೆ, ಅತಿಥಿ ಉಪನ್ಯಾಸಕರಾದರೆ ಮುಂದಿನ ವರ್ಷ ಇರುತ್ತಾರೋ ಇಲ್ಲವೋ. ಹಾಗಾಗಿ ದಾಖಲೆ ಯಾರ ಲ್ಯಾಪ್‌ಟಾಪಿನಲ್ಲೂ ಮಾತ್ರ ಇರಬಾರದು. ಗಟ್ಟಿ ರಟ್ಟಿನ ರಿಜಿಸ್ಟರ್ ಕಾಲೇಜಿನ ಲೈಬ್ರರಿಯಲ್ಲಿ ನಂಬರ್ ಹಾಕಿಸಿಕೊಂಡು ಇರಲಿ. ಹನ್ನೆರಡು ತೋಟ, ಇಪ್ಪತ್ನಾಲ್ಕು ಮರದ ಸಂಕೇತ, ನಕ್ಷೆ, ಮರದ ಸುತ್ತಳತೆ, ಕಟ್ಟಿದ ತಗಡಿನ ಬಿಲ್ಲೆಯ ನಂಬರ್ ಎಲ್ಲ ಅದರ ಮೊದಲ ಪುಟಗಳಲ್ಲಿ. ಹೊರಡುವ ತಂಡ ಬರುವ ತಂಡವನ್ನು ಒಂದು ಸಲ ಎಲ್ಲ ಮರಗಳ ಬುಡಕ್ಕೂ ಕರೆದುಕೊಂಡು ಹೋಗಿ ತೋರಿಸಬೇಕು. ನಮ್ಮಲ್ಲಿ ಇದನ್ನು ಸೆಪ್ಟೆಂಬರ್ ಕೊನೆಯ ಎರಡು ಶನಿವಾರ ಮಾಡುತ್ತೇವೆ.

ತೋಟದವರಿಗೆ ಮಾತು ಕೊಟ್ಟಿದ್ದೆವಲ್ಲ, ಅದನ್ನೂ ಆಗಲೇ ತೀರಿಸುತ್ತೇವೆ. ಹೋದ ವರ್ಷದ ಎಣಿಕೆಯನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು, ಅವರ ತೋಟದಲ್ಲಿ ಸಿಕ್ಕ ಒಂದು ಜೀವಿಯ ಫೋಟೋ ಅಂಟಿಸಿ ಕೊಟ್ಟು ಬರುತ್ತೇವೆ. ಅತ್ತಿ ಮರದ ಮನೆಯವರು ಹುಸಿಚೇಳಿನ ಫೋಟೋವನ್ನು ಮಳೆ ಪುಸ್ತಕದ ಒಳಗೆ ಇಟ್ಟುಕೊಂಡಿದ್ದಾರೆ. ಈ ವರ್ಷ ಆ ಪುಸ್ತಕವನ್ನೂ ಫೋಟೋ ತೆಗೆಯಲು ಒಪ್ಪಿದ್ದಾರೆ.